ಉತ್ತರಾಣಿ ಕೆಲಸಾ ಮಾಡ್ತದೇನು?

ಜುಲೈ ೧೪, ಸೋಮವಾರ

ಕಾಲೇಜಿನ ಪ್ರಯೋಗದ ವಹಿಯೊಳಗ ಬೈಗಳಾ ಬರಿಯೂ ಹಂಗಿಲ್ಲ. ಅದಕ್ಕಽ ಇದೊಂದು ಬ್ಯಾರೆ ವಹಿ ತೊಗೊಂಡೇನಿ. ಇದನ್ನ ಯಾರೂ ತಪಾಸಣಿ ಮಾಡೂದಿಲ್ಲ, ಯಾರೂ ಸಹಿ ಹಾಕೂದಿಲ್ಲ. ಮೊದಲನೇ ದಿನದ ಬರಹ ಇಷ್ಟಽ: ಹಾಳಾಗಿ ಹೋಗ್ಲಿ ಈ ಉತ್ತರಾಣಿ!

ಫೋಂಡಾದ ಈ ಫಾರ್ಮಸಿ ಕಾಲೇಜಿನಾಗ ಪಾಠಾ ಹೇಳ್ಕೋತ, ಪಿಎಚ್.ಡಿ. ಮಾಡ್ಲಿಕ್ಕತ್ತೇನಿ ಅಂತ ನಮ್ಮೂರು ಧಾರವಾಡದ ತುಂಬ ಸುದ್ದಿ ಮಾಡ್ಕೋತ ವರ್ಷಗಟ್ಟಲೆ ಆತು. ವಿಷಯ ಏನಂದ್ರ, ಹೆರಿಗಿ ಹಗುರಾಗಲಿ ಅಂತ ನಮ್ಮ ಕಡೆ ಹೆಂಗಸರು ನಂಬೂ ಉತ್ತರಾಣಿ ಬೇರಿಗೆ ಖರೇನ ಗರ್ಭಚೀಲಾ ಹಿಂಡೂ ಶಕ್ತಿ ಅದ ಏನು ಅಂತ ನೋಡೂದು. ಹೆಣ್ಣಿಲಿ ಗರ್ಭಚೀಲದ ಒಂದು ಸಣ್ಣ ತುಂಡು ತಗದು, ಉಪ್ಪುನೀರಿನ ಗಾಜಿನ ನಳಿಗ್ಯಾಗ ದಾರಕ್ಕ ಕಟ್ಟಿ ಇಳಿಬಿಡಬೇಕು. ದಾರದ ಮ್ಯಾಲಿನ ತುದಿಗೆ ಒಂದು ಸನ್ನೀಕಡ್ಡಿ, ಅದರ ಆಚೀ ತುದಿಗೆ ಒಂದು ಮುಳ್ಳು. ತುಂಡು ಹಿಂಡಿಕೊಂಡ್ರ ಮುಳ್ಳು ಮ್ಯಾಲೇರಿ ಕಾಗದದ ಮ್ಯಾಲೆ ಗುಡ್ಡಾ ಬರೀತದ, ಸಡಲಾದ್ರ ಇಳೀತದ. ನಾ ಬೇರಿನ ಸತ್ವದ ಹನಿ ಹಾಕಬೇಕು, ಗುಡ್ಡಾ ಏರಬೇಕು. ಆದ್ರ ನನ್ನ ತುಂಡು ನಾ ಹನಿ ಹಾಕೂಕಿಂತ ಮೊದ್ಲಽ ತಾನಽ ಕುಣೀಲಿಕ್ಕೆ ಸುರು ಮಾಡ್ತದ. ಹನಿ ಹಾಕಿದ್ರೂ ಅದಽ ಕುಣಿತ, ಹಾಕದಿದ್ರೂ ಅದಽ ಕುಣಿತ. ಮದ್ದು ಕುಣಿಸ್ತೋ, ತಾನಽ ಕುಣೀತೋ, ಆ ಇಲಿ ಎದ್ದು ಬಂದು ಹೇಳಬೇಕು.

ನನ್ನ ಗೈಡು ಮಾರ್ದೋಳ್ಕರ್ ಸರ್ ಇವತ್ತ ಮತ್ತ ಹೇಳಿದ್ರು, "ಸುಮೇಧಾ, ಪ್ರಬಂಧ ಕೊಡೂದು ಸಪ್ಟೆಂಬರ್ ಅಂದ್ರ ಸಪ್ಟೆಂಬರ್. ಇನ್ನ ಮುಂದೂಡ್ಲಿಕ್ಕೆ ಬರೂದಿಲ್ಲ." ಮನಿಗೆ ಬಂದ್ರ ಅತ್ತಿಯವರು, ಅಂಬಾಬಾಯಿ, ಅವರದೂ ಒಂದು: "ಗಣಪ್ಪಗ ಏರಿಸೂ ಪತ್ರೀನ ಇಲಿಗೆ ಹಾಕ್ತೀಯಲ್ಲ, ಅದ್ಹ್ಯಾಂಗ ಕೈಗೆ ಹತ್ತೀತ?" ನನ್ನ ಗಂಡ ಆಶಿಷ್, ಮಡಗಾಂವಿಯ ಬ್ಯಾಂಕಿನಿಂದ ದಣದು ಬಂದವರು ಚಹಾ ಕುಡಕೋತ ನಕ್ಕರು. ನಗಲಿ, ಅವರದೇನು ಹೋಗ್ತದ.

ಜುಲೈ ೧೭, ಗುರುವಾರ

ಇವತ್ತ ಹುಲಿಗೆಮ್ಮನ ಜೋಡಿ ಮಾತು ಬಿತ್ತು. ನಮ್ಮ ವಿಭಾಗದ ಕಸಾ ಹೊಡಿಯೂಕಿ, ಕೊಪ್ಪಳ ಕಡೆಯಾಕಿ. ಮಗ ಪರಶು ಸೆಂಟ್ರಿಂಗ್ ಕೆಲಸಕ್ಕ ಹೋಗ್ತಾನ. ಸೊಸಿ ಶ್ವೇತಾ ಮೊನ್ನೆ ಮೊನ್ನೆ ತನಕಾ ಇಟ್ಟಂಗಿ ಹೊರತಿದ್ಳು. ಕುರ್ಟಿ ಕಡೆ ಪತ್ರಾಸಿನ ಶೆಡ್ಡಿನಾಗ ಇರ್ತಾರ. ನಾ ಬೇರು ಕುಟ್ಟಲಿಕ್ಕತ್ತಿದ್ದೆ. ಕಸಬರಗಿ ಗ್ವಾಡಿಗೆ ಆನಿಸಿ ನಿಂತು ಕೇಳಿದ್ಳು:

"ಬಾಯಾರ, ಇದು ಉತ್ತರಾಣಿ ಅಲ್ಲೇನ್ರಿ? ಇದನ್ಯಾಕ ಕುಟ್ಟಾಕತ್ತೀರಿ?"

ಹೇಳಿದೆ. ಅಕೀಗೆ ಭಾಳ ಖುಷಿ ಆತು. "ಅಯ್ಯ ಶಿವನ! ನಮ್ಮವ್ವ ಸೂಲಗಿತ್ತಿ ಇದ್ಲರಿ. ಊರಾಗ ಅರ್ಧಾ ಮಂದಿ ಅಕಿ ಕೈಯಾಗ ಹುಟ್ಟ್ಯಾರ. ಬ್ಯಾನಿ ತಡಾ ಆತಂದ್ರ ಇದರ ಬೇರು ಕಿತ್ತು ಬಸರಿ ತುರುಬಿಗೆ ಕಟ್ಟತಿದ್ಲು. ಕೂಸು ಭೂಮಿಗೆ ಬಿತ್ತಂದ್ರ ಗಪ್ಪನ ಬಿಚ್ಚಬೇಕು."

"ಬಿಚ್ಚದಿದ್ರ?"

"ಬಿಚ್ಚದಿದ್ರ ಕರುಳೂ ಇಳೀತಾವಂತ್ರಿ!"

ತುರುಬಿಗೆ ಕಟ್ಟಿದ್ದು ಹೊಟ್ಟಿಗೆ ಹ್ಯಾಂಗ ಗೊತ್ತಾಗ್ತದ, ಫೋನು ಮಾಡಿ ಹೇಳ್ತದೇನು ಅಂತ ಚಾಷ್ಟಿ ಮಾಡಿದೆ. ಅಕೀನೂ ನಕ್ಕಳು. "ನನಗೇನ ತಿಳೀತೈತ್ರಿ, ನಮ್ಮವ್ವಗ ಗೊತ್ತಿತ್ತು." ಸೊಸೀಗೆ ಏಳು ತುಂಬಿ ಎಂಟರಾಗ ಅದ ಅಂತ. ಅಕೀಗೂ ಕಟ್ಟತಾಳಂತ. ಕಟ್ಟಲಿ ಪಾಪ, ಕಟ್ಟಿದ್ರ ಯಾರಿಗೇನು ಲುಕ್ಸಾನು.

ನನ್ನ ಮೊದಲನೇ ಅಧ್ಯಾಯಕ್ಕ ಒಂದು ಸಾಲು ಸಿಕ್ಕಂಗಾತು. 'ಮಾಹಿತಿದಾರಳು: ಹೆಣ್ಣು, ಐವತ್ತರ ಆಸುಪಾಸು, ಅನಕ್ಷರಸ್ಥೆ.' ಚಲೋ ಆತು.

ಜುಲೈ ೨೪, ಗುರುವಾರ

ಮಳಿ. ಕರೆಂಟಿಲ್ಲ. ಒಂದು ಇಲಿ ದಂಡ ಆತು. ಬರಿಯೂದೇನಿಲ್ಲ.

ಜುಲೈ ೨೯, ಮಂಗಳವಾರ

ಕಳ್ಳ ಸಿಕ್ಕ! ಗರ್ಭಚೀಲದ ತುಂಡನ್ನ ಮೈಬಿಸಿಗಿಂತ ತಣ್ಣಗ ಇಡಬೇಕು. ಮೈಯಷ್ಟು ಬಿಸಿ ಆತಂದ್ರ ಅದು ಯಾರ ಮಾತೂ ಕೇಳೂದಿಲ್ಲ, ತನ್ನಷ್ಟಕ್ಕ ಕುಣೀತದ. ಇದು ನನಗ ಗೊತ್ತಿದ್ದದ್ದಽ, ನೀರು ಕಾಸೂ ಯಂತ್ರದ ಡಯಲ್ಲು ಹಂಗಽ ಇಟ್ಟಿದ್ದೆ. ಆದ್ರ ಡಯಲ್ಲಽ ಸುಳ್ಳು ಹೇಳ್ಲಿಕ್ಕತ್ತಿತ್ತು. ಮಾರ್ದೋಳ್ಕರ್ ಸರ್ ಸಾದಾ ಥರ್ಮಾಮೀಟರ್ ತಂದು ನೀರಾಗ ಅದ್ದಿದ್ರು, ನೋಡಿದ್ರು, ನನ್ನ ಮುಖಾ ನೋಡಿದ್ರು. "ಕಿತೆಂ ಗೊ ಸುಮೇಧಾ?" ಅಂದ್ರು ಅಷ್ಟಽ, ಏನವಾ ಇದು ಅನ್ನೂಹಂಗ. ಭೂಮಿ ಬಾಯಿ ಬಿಡಬಾರದೇನು ಅನಿಸ್ತು. ಇಷ್ಟು ತಿಂಗಳು ಒಂದು ಡಯಲ್ಲಿನ ಮಾತು ನಂಬಿ ಕೂತಿದ್ನೆಲ್ಲ, ನನ್ನಂಥಾ ಶಾಣ್ಯಾಕಿ ಎಲ್ಲೆರ ಇದ್ದಾಳೇನು!

ನಾಗರಪಂಚಮಿ. ಹುಲಿಗೆಮ್ಮ ಶೇಂಗಾ ಉಂಡಿ ತಂದಿದ್ಳು. ಸಿಟ್ಟಿನಾಗ ಮೂರೂ ತಿಂದೆ.

ಆಗಸ್ಟ್ ೫, ಮಂಗಳವಾರ

ಏರಿತು! ಏರಿತು, ಏರಿತು, ಏರಿತು!

ಇವತ್ತ ತುಂಡು ಶಾಣ್ಯಾ ಕೂಸಿನ್ಹಂಗ ತಣ್ಣಗ ಕೂತಿತ್ತು. ಕಾಗದದ ಮ್ಯಾಲೆ ಬರೇ ನೆಟ್ಟನ ಗೆರಿ. ಹನಿ ಹಾಕಿದೆ. ಒಂದು ಉಸಿರು ಬಿಡೂದ್ರಾಗ ಮುಳ್ಳು ಸರ್ರನೆ ಮ್ಯಾಲೆ ಹೋತು. ನೀರು ಬದಲಿ ಮಾಡಿದೆ, ಇಳೀತು. ಮತ್ತ ಹಾಕಿದೆ, ಮತ್ತ ಏರಿತು. ಸರ್ ಪಣಜಿಗೆ ಹೋಗಿದ್ರು, ಹುಡುಗರೆಲ್ಲಾ ಕ್ಯಾಂಟೀನಿನಾಗ. ಹೇಳ್ಕೊಳ್ಳಿಕ್ಕೆ ಒಬ್ಬರಿಲ್ಲ. ನೆಲಾ ಒರಸಲಿಕ್ಕತ್ತಿದ್ದ ಹುಲಿಗೆಮ್ಮನ್ನಽ ಕೈ ಹಿಡದು ಎಳಕೊಂಡು ಬಂದೆ.

"ನೋಡು, ನಿಮ್ಮವ್ವನ ಉತ್ತರಾಣಿ! ಖರೇನ ಕೆಲಸಾ ಮಾಡ್ತದ!"

ಅಕಿ ಒದ್ದಿ ಕೈ ಸೀರಿಗೆ ಒರಸಿಕೊಂಡು ಬಗ್ಗಿ ನೋಡಿದ್ಳು. ಇನ್ನೊಂದು ಸಲ ಹಾಕಿ ತೋರಿಸಿದೆ. ಮುಳ್ಳು ಏರೂದು ನೋಡಿ ಬಾಯಿ ಮ್ಯಾಲೆ ಕೈ ಇಟ್ಕೊಂಡ್ಳು. ಕಣ್ಣಾಗ ನೀರು ಬಂದ್ವು ಅಕೀಗೆ.

"ನೀರಾಗ ಹಾಕಿದ್ರೇನ್ರಿ?"

"ಹೌದು ಮತ್ತ. ಕಟ್ಟಿದ್ರ ಏನಾಗ್ತದ, ಒಳಗ ಹೋಗಬೇಕಲ್ಲ."

"ನಮ್ಮವ್ವ ಇರಬೇಕಿತ್ತರಿ," ಅಂದ್ಳು.

ಬರೂಮುಂದ ಬಸ್‌ಸ್ಟ್ಯಾಂಡಿನಾಗ ಅತ್ತಿಯವರಿಗೆ ಪೇಢೆ ತೊಗೊಂಡೆ. "ಇಲಿ ಹಡೀತೇನ?" ಅಂತ ಕೇಳಿದ್ರು. ಪೇಢೆ ಮಾತ್ರ ತಿಂದ್ರು.

ಆಗಸ್ಟ್ ೧೨, ಮಂಗಳವಾರ

ಈಗ ಎಲ್ಲಾ ಇಲಿಗೂ ಬರ್ಲಿಕ್ಕತ್ತದ. ಇವತ್ತ ಸತ್ವಾ ಜಾಸ್ತಿ ಹಾಕಿ ನೋಡಿದೆ. ಮುಳ್ಳು ಏರಿ ತುದೀಗೆ ನಿಂತಬಿಡ್ತು, ಇಳೀಲೇ ಇಲ್ಲ. ತುಂಡು ಮುಷ್ಟಿ ಬಿಗಿಹಿಡದ್ಹಂಗ ಹಿಡಕೊಂಡು ಕೂತಿತ್ತು. ನೀರು ಎಷ್ಟು ಬದಲಿ ಮಾಡಿದ್ರೂ ಬಿಡವಲ್ದು. ಸರ್ ಗ್ರಾಫ್ ನೋಡಿ ಕನ್ನಡಕಾ ತಗದ್ರು. "ಬರೆಂ ಜಾಲೆಂ, ಭಾಳ ಚಲೋ ಆತು. ಇದನ್ನಽ ಮೊದಲನೇ ಚಿತ್ರಾ ಮಾಡು." ಖರೇನ, ನೋಡ್ಲಿಕ್ಕೆ ಭಾಳ ಚಂದ ಬಂದದ. ಚೌಕಾಗಿ ಎದ್ದ ಗುಡ್ಡಾ, ಮ್ಯಾಲೆ ಸಪಾಟು.

ಆಗಸ್ಟ್ ೨೦, ಬುಧವಾರ

ಹುಲಿಗೆಮ್ಮ ಸೊಸೀನ್ನ ಕರಕೊಂಡು ಬಂದಿದ್ಳು, ಆಸ್ಪತ್ರಿಗೆ ತೋರಿಸಿಕೊಂಡು ಹಂಗಽ ಇತ್ತಕಡೆ. ಒಂಬತ್ತರಾಗ ಅದ. ಹೊಟ್ಟಿ ಮುಂದ, ಅಕಿ ಹಿಂದ. ಶ್ವೇತಾ ಅಂದ್ರ ನಾ ಏನೋ ಅಂಜುಬುರುಕಿ ಹುಡಿಗಿ ಅನ್ಕೊಂಡಿದ್ದೆ. ಬಾಯಿ ಭಾಳ ಜೋರದ. ಒಂಬತ್ತನೇತ್ತಾ ತನಕಾ ಸಾಲಿ ಕಲತಾಳ.

"ನಿಮ್ಮ ಇಲಿಗೋಳಿಗೆ ಹೆಸರಿಟ್ಟೀರೇನ್ರಿ?"

"ಇಲ್ಲವಾ, ನಂಬರ್ ಅದಾವ."

"ಆಸ್ಪತ್ರ್ಯಾಗ ನನಗೂ ನಂಬರ ಕೊಟ್ಟಾರ ನೋಡ್ರಿ," ಅಂತ ಕಾರ್ಡು ತೋರಿಸಿ ನಕ್ಕಳು. ನಂಗೂ ನಗು ತಡೀಲಾರದ ಬಂತು.

ಕಾಲಿಗೆ ಬಾವು ಬಂದಿತ್ತು. ಕುರ್ಚಿ ಕೊಟ್ಟು ಕೂಡಸಿದೆ. ಆಸ್ಪತ್ರ್ಯಾಗ ಏನಂದ್ರು ಅಂತ ಕೇಳಿದ್ರ ಮುಖಾ ಸಣ್ಣ ಆತು. ಕೂಸು ದೊಡ್ಡದದ, ನೋಡೂಣು ಅಂದಾರಂತ. "ಕೊಯ್ತಾರೇನ್ರಿ ಬಾಯಾರ?" ಅಂದ್ಳು. ಅಕೀ ಅಕ್ಕಗ ಹಂಗಽ ಕೊಯ್ದು ತಗದ್ರಂತ, ಆಮ್ಯಾಲೆ ಅಕಿ ಬುಟ್ಟಿ ಹೊರೂದು ಆಗಲೇ ಇಲ್ಲಂತ, ಗಂಡ ಬಿಟ್ಟು ಹೋದನಂತ. "ನನಗ ಕೊಯ್ಯೂದ ಬ್ಯಾಡ್ರಿ. ಹೆಂಗರ ಮಾಡಿ ತಾನಽ ಹುಟ್ಟಬೇಕು." ನಾನೂ ಹಡದಾಕಿ, ನನಗೂ ಬ್ಯಾನಿ ಬರಸೂ ಸಲೈನು ಹಚ್ಚಿದ್ರು, ಎಲ್ಲಾ ಸುಸೂತ್ರ ಆತು, ಅಂಜಬ್ಯಾಡ ಅಂದೆ. ಹುಲಿಗೆಮ್ಮ ಹಿಂದ ನಿಂತು ಸೊಸೀ ತಲಿ ಸವರಿದ್ಳು: "ಯಾಕ ಅಂಜತಿ, ನಾ ಅದೀನಲ್ಲ."

ನನ್ನ ಮಗಳು ಕೂಸಿದ್ದಾಗ ತಲಿಗೆ ಹಾಕತಿದ್ದ ಕುಂಚಗಿ ಎಲ್ಲೆ ಅದಾವೋ ನೋಡಬೇಕು.

ಆಗಸ್ಟ್ ೨೮, ಗುರುವಾರ

ನಿನ್ನೆ ಚವತಿ ಆತು, ಇವತ್ತ ಋಷಿಪಂಚಮಿ. ಅತ್ತಿಯವರು ನಸಿಕಿನ್ಯಾಗ ಎದ್ದು ಉತ್ತರಾಣಿ ಕಡ್ಡಿಯ ಸೂಡು ಮುಂದಿಟ್ಕೊಂಡು ಬಚ್ಚಲದಾಗ ಕೂತಿದ್ರು. ಒಂದೊಂದಽ ಕಡ್ಡೀಲೆ ಹಲ್ಲು ತಿಕ್ಕೂದು, ಉಗಳೂದು, ಮುಂದಿನ ಕಡ್ಡಿ. ನೂರೆಂಟು ಮುಗೀಬೇಕಂತ. ಮುಗಿಯೂದ್ರಾಗ ಹಲ್ಲು ಉಳದಾವ ಇಲ್ಲೋ ನೋಡ್ಕೋರಿ ಅಂದೆ.

"ನುಂಗಬಾರದವಾ ಇದನ್ನ," ಅಂದ್ರು ನಡುವ. "ಏನಿದ್ರೂ ಹಲ್ಲಿಗೆ, ಇಲ್ಲಾ ದೇವರಿಗೆ. ಹೊಟ್ಟಿಗಲ್ಲ."

"ನನ್ನ ಪ್ರಬಂಧದಾಗ ಹಾಕ್ಲೇನು?"

"ಹಾಕು. ನನ್ನ ಹೆಸರಿಲೆ ಹಾಕು."

ಕಾಲೇಜಿಗೆ ಸೂಟಿ. ಎರಡನೇ ಅಧ್ಯಾಯ ಮುಗೀತು.

ಸಪ್ಟೆಂಬರ್ ೪, ಗುರುವಾರ

ಬರದು ಬರದು ಬಟ್ಟು ಹಿಡಕೊಂಡಾವ. ಇಡೀ ಕಾಲೇಜಿನಾಗ ನನ್ನ ಪ್ರಬಂಧದ ಬಗ್ಗೆ ಕಾಳಜಿ ಇರೂ ಪ್ರಾಣಿ ಅಂದ್ರ ಹುಲಿಗೆಮ್ಮ ಒಬ್ಬಾಕಿ. ಇವತ್ತ ಬಾಜೂಕ ನಿಂತು ಒಂದೊಂದಽ ಕೇಳಿದ್ಳು. ಹಸೀ ಬೇರೋ ಒಣಾ ಬೇರೋ? ಕುದಿಸಬೇಕೇನು? ಹಾಕಿದ ಮ್ಯಾಲೆ ಎಷ್ಟೊತ್ತಿಗೆ ಹಿಡೀತೈತಿ? ಭಾಳ ಹಾಕಿದ್ರ?

"ಭಾಳ ಹಾಕಿದ್ರ ಭಾಳ ಹಿಡೀತದ," ಅಂದೆ. ಆ ಸಪಾಟು ಗುಡ್ಡಾನೂ ತೋರಿಸಿದೆ. ಅಕಿ ತಲಿ ಅಲಗಾಡಿಸಿ, "ಅಂದ್ರ ಜೋರ ಐತಿ," ಅಂದ್ಳು. ಹೌದು, ಭಾಳ ಜೋರದ ಅಂದೆ. ನನ್ನ ಕ್ಲಾಸಿನ ಹುಡುಗರು ಇಷ್ಟು ಕೇಳಿದ್ದ್ರ ಯಾವಾಗಲೋ ಪಾಸಾಗ್ತಿದ್ರು.

ಮಾರ್ದೋಳ್ಕರ್ ಸರ್ ಮೂರನೇ ಅಧ್ಯಾಯ ತಿದ್ದಿ ಕೊಟ್ಟಾರ. ಕೆಂಪು ಶಾಯಿ ಕಮ್ಮಿ ಅದ.

ಸಪ್ಟೆಂಬರ್ ೧೧, ಗುರುವಾರ

ಬರದ್ರ ಹಗುರಾಗ್ತದೇನೋ ಅಂತ ಕೂತೇನಿ.

ಮುಂಜಾನೆ ಹುಲಿಗೆಮ್ಮ ಕೆಲಸಕ್ಕ ಬಂದಿರಲಿಲ್ಲ. ಊಟದ ಹೊತ್ತಿಗೆ ಪರಶು ಫೋನು ಮಾಡಿದ. ಶ್ವೇತಾಗ ನಸಿಕಿನಿಂದ ಬ್ಯಾನಿ, ಈಗ ಆಸ್ಪತ್ರಿಗೆ ತಂದೇವಿ, ನಿಮಗ ಹೇಳಂತ ಅವ್ವ ಅಂದ್ಳು ಅಂದ. ಕುಂಚಗಿ ಚೀಲಾ ಸ್ಕೂಟರಿಗೆ ತೂಗಹಾಕಿಕೊಂಡು ಖುಷಿಲೆ ಹೋದೆ. ನೆನಸಿದ್ರ ನನ್ನ ಮ್ಯಾಲೆ ನನಗ ಹೇಸಿಕಿ ಬರ್ತದ.

ಶ್ವೇತಾ ಒಂದು ಕಡೆ ಹೊರಳಿ ಮಲಗಿದ್ಳು. ನನ್ನ ನೋಡಿ ನಗಲಿಲ್ಲ. ಕಣ್ಣು ಎಲ್ಲೋ ಇದ್ವು. ಅಕೀ ಹೊಟ್ಟಿ ಮ್ಯಾಲೆ ಕೈ ಇಟ್ಟೆ. ಕಲ್ಲು. ಬ್ಯಾನಿ ಅಂದ್ರ ಬರ್ತದ, ಹೋಗ್ತದ, ನಡುವ ಒಂದೀಟು ಉಸಿರು ತೊಗೊಳ್ಳಿಕ್ಕೆ ಬಿಡ್ತದ. ಇದು ಬಿಡವಲ್ದು. ನಾ ಕೈ ಇಟ್ಕೊಂಡು ಕಾದೆ, ಕಾದೆ, ಸಡಲ ಆಗಲೇ ಇಲ್ಲ. ಈ ಗುಡ್ಡಾ ನಾ ನೋಡೇನಿ.

ಹುಲಿಗೆಮ್ಮ ಕಾಲ ಕಡೆ ನಿಂತಿದ್ಳು. ಹೊರಗ ಕರದೆ.

"ಏನು ಕೊಟ್ಟಿ ಅಕೀಗೆ?"

"ಏನಿಲ್ರಿ."

"ಹುಲಿಗೆಮ್ಮಾ!"

ಕೆಳಗ ನೋಡಿ ಅಂದ್ಳು, "ನಿಮ್ಮದನ್ನಽ ಕೊಟ್ಟೇನ್ರಿ. ಕಾಸಿ. ಮುಂಜಾನೆ ಒಂದು ಲೋಟಾ. ತಡಾ ಆತಂತ ಮನಿ ಬಿಡೂಮುಂದ ಇನ್ನೊಂದು."

ಒಳಗಿನಿಂದ ಒಬ್ಬ ಸಿಸ್ಟರ್ ಸಲೈನಿನ ಬಾಟ್ಲಿ ಹಿಡಕೊಂಡು ಬಂದ್ಳು. ಇವರು ಏನೂ ಹೇಳಿಲ್ಲ, ಬ್ಯಾನಿ ಬಂದು ತಡಾ ಆತು ಅಂತಷ್ಟಽ ಹೇಳ್ಯಾರ. ಗರ್ಭಚೀಲದ ಬಾಯಿ ತೆರದಿಲ್ಲ ಅಂತ ಡಾಕ್ಟರರು ಬ್ಯಾನಿ ಬರಸೂ ಮದ್ದು ಹಚ್ಚಲಿಕ್ಕೆ ಬರದಾರ. ಹೊಟ್ಟ್ಯಾಗ ಉತ್ತರಾಣಿ, ರಕ್ತದಾಗ ಅದು, ಎರಡೂ ಕೂಡಿ ಹಿಂಡಿದ್ರ ಗರ್ಭಚೀಲಾ ಹರೀತದ, ಅಷ್ಟಽ. ತಾಯಿನೂ ಇಲ್ಲ, ಕೂಸೂ ಇಲ್ಲ.

"ಹಚ್ಚಬ್ಯಾಡ್ರಿ!" ಅಂತ ಒದರಿದೆ. ಕನ್ನಡದಾಗಽ ಒದರಿದೆ. ಎಲ್ಲಾರೂ ತಿರುಗಿ ನೋಡಿದ್ರು. ಡಾಕ್ಟರ್ ಬಾರ್ರೆಟೊ ಅಂತ, ಸಣ್ಣ ವಯಸ್ಸಿನ ಬಾಯಿ, ಪಕ್ಕದ ಪೇಶಂಟ್ ಬಿಟ್ಟು ಬಂದ್ರು. ಹೇಳಿದೆ: ಗಿಡದ ಬೇರು ಕುಡದಾಳ, ಎರಡು ಸಲ, ಅದು ಗರ್ಭಚೀಲಾ ಹಿಂಡ್ತದ.

"ನಿಮಗ ಹ್ಯಾಂಗ ಗೊತ್ತು?"

"ನಾನಽ ಇಲಿ ಮ್ಯಾಲೆ ಪ್ರಯೋಗಾ ಮಾಡೇನಿ."

"ಇವರಿಗೆ ಇದನ್ನ ಕುಡಸಂತ ಯಾರು ಹೇಳಿದ್ದು?"

ಯಾರೂ ಹೇಳಿಲ್ಲ ಅನ್ನಬಹುದಿತ್ತು. ಖರೇನೂ ಅನಿಸ್ತಿತ್ತು. "ನಾನು," ಅಂದೆ.

ಅವರು ನನ್ನ ಒಂದು ಸಲ ನೋಡಿದ್ರು. ಬೈಲಿಕ್ಕೆ ಅವರಿಗೆ ವ್ಯಾಳ್ಯಾ ಇರಲಿಲ್ಲ. ಬಾಟ್ಲಿ ವಾಪಸ್ ಕಳಿಸಿದ್ರು, ಸಡಲ ಮಾಡೂ ಇಂಜೆಕ್ಷನ್ ಹೇಳಿದ್ರು, ಕೂಸಿನ ಎದಿ ಬಡಿತ ಕೇಳಿ, "ಇಳೀಲಿಕ್ಕತ್ತದ, ಥಿಯೇಟರಿಗೆ ತೊಗೊಳ್ರಿ," ಅಂದ್ರು.

ಆ ಮಾತಿಗೆ ಶ್ವೇತಾಗ ಎಚ್ಚರ ಬಂತು. ನನ್ನ ಸೆರಗು ಹಿಡಕೊಂಡ್ಳು. "ಕೊಯ್ಯಬ್ಯಾಡಂತ ಹೇಳ್ರಿ ಬಾಯಾರ. ನಿಮಗ ಕೈ ಮುಗೀತೀನಿ. ನಾ ಬುಟ್ಟಿ ಹೆಂಗ ಹೊರಲಿ?"

"ಬುಟ್ಟಿ ಹಾಳಾಗಿ ಹೋಗ್ಲಿ, ನೀ ಇರು ನಮ್ಮವ್ವಾ," ಅಂದೆ. ಅತ್ತಬಿಟ್ಟೆ. ಅಕೀ ಬಟ್ಟು ಒಂದೊಂದಽ ಬಿಡಿಸಿ ಸಿಸ್ಟರ್ ಒಳಗ ಒಯ್ದ್ರು.

ಹುಲಿಗೆಮ್ಮ, ಪರಶು, ನಾನು, ಮೂರೂ ಮಂದಿ ಬಾಕಿನ ಮ್ಯಾಲೆ ಕೂತಿವಿ. ಆಮ್ಯಾಲೆ ಬಾಗಲಾ ತೆರೀತು. ಹೆಣ್ಣು. ಉಸಿರಾಡೂದು ತಡಾ ಮಾಡೇದ, ಯಂತ್ರದ ಮ್ಯಾಲೆ ಇಟ್ಟಾರ. ತಾಯಿ ಜೀವಂತ ಇದ್ದಾಳ.

ಸಪ್ಟೆಂಬರ್ ೧೩, ಶನಿವಾರ

ಕೂಸು ಗಾಜಿನ ಪೆಟಗ್ಯಾಗ ಅದ. ಮೂಗಿನ್ಯಾಗ ನಳಿಗಿ. ಎದಿ ಹಕ್ಕಿಮರಿದ್ಹಂಗ ಏರಿಳೀತದ. ಏರೂದು ನೋಡಿ ಇಳೀಲಿ ಅನ್ಕೋತ ನಿಂತಿರ್ತೇನಿ.

ಹುಲಿಗೆಮ್ಮ ನನ್ನ ಮ್ಯಾಲೆ ಸಿಟ್ಟಾಗಬೇಕಿತ್ತು. ಆಗವಲ್ಳು. ಇವತ್ತ ಚಹಾ ತಂದುಕೊಟ್ಟು ಬಾಜೂಕ ಕೂತು ತಾನಽ ಹೇಳಿದ್ಳು:

"ನಮ್ಮವ್ವ ಕಟ್ಟತಿದ್ಲರಿ, ಬರೇ ಕಟ್ಟತಿದ್ಲು. ನೀವು ನೀರಾಗ ಹಾಕಿ ತೋರಿಸಿದ ದಿವಸ ನನಗ ಅನಸ್ತು, ಪಾಪ ಅಕೀಗೆ ತಿಳೀಲಿಲ್ಲ, ತಪ್ಪು ಮಾಡಾಕತ್ತಿದ್ಲು ಅಂತ. ಔಷಧ ಅಕೀ ಕೈಯಾಗ ಇತ್ತು, ಹ್ಯಾಂಗ ಕೊಡಬೇಕಂತ ಗೊತ್ತಿರಲಿಲ್ಲ. ನೀವು ಕಲತವರು, ನಿಮಗ ಗೊತ್ತೈತಿ ಅಂತ..."

ಒಳಗ ಹೋಗಬೇಕು ಅಂತ ಅಂದಾಕಿ ನಾನಽ. ಇದು ಬರೇ ಇಲಿಗೆ, ಮನಷ್ಯಾರಿಗಲ್ಲ ಅನ್ನೂದು ಹೇಳಲೇ ಇಲ್ಲ, ಕುಡೀಬ್ಯಾಡ್ರಿ ಅನ್ನೂದೂ ಹೇಳಲಿಲ್ಲ. ಅದು ಹೇಳೂ ಮಾತು ಅಂತ ನನಗ ಹೊಳೀಲಽ ಇಲ್ಲ. "ನಿಮ್ಮವ್ವ ತಪ್ಪು ಮಾಡಿರಲಿಲ್ಲ ಹುಲಿಗೆಮ್ಮ," ಅಂದೆ. ಚಹಾ ಆರಿಹೋತು.

ಸಪ್ಟೆಂಬರ್ ೧೭, ಬುಧವಾರ

ಕೂಸು ಹಾಲು ಕುಡೀತು! ತಾನಽ ಜಗ್ಗಿ ಕುಡೀತು! ಮತ್ತೇನು ಬರೀಲಿ.

ಸಪ್ಟೆಂಬರ್ ೧೯, ಶುಕ್ರವಾರ

ಪ್ರಬಂಧ ತಯಾರದ. ಸೋಮವಾರ ಸರ್ ಸಹಿ ಮಾಡ್ತಾರ. ಎಚ್ಚರಿಕೆ ಅಂತ ಒಂದು ಪುಟಾ ಜಾಸ್ತಿ ಬರದು ಸೇರಿಸಿದೆ. ಸರ್ ಓದಿ, ಇದು ಪ್ರಬಂಧದ ಭಾಷಾದಾಗಿಲ್ಲ ಅಂದ್ರು. ಇರಲಿ ಸರ್, ತಗೀಬ್ಯಾಡ್ರಿ ಅಂದೆ. ತಗೀಲಿಲ್ಲ.

ಶ್ವೇತಾ ಮತ್ತ ಕೂಸು ನಾಳೆ ಮನಿಗೆ. ಆ ಖುಷಿ ಹೇಳ್ಲಿಕ್ಕೆ ಬಂದ ಹುಲಿಗೆಮ್ಮ ಹೊಳ್ಳಿ ಹೋಗವಲ್ಳು, ಬಾಗಲದಾಗಽ ನಿಂತಳು. ಏನಂದ್ರ, ಶೆಡ್ಡಿನಾಗ ಸುದ್ದಿ ಹಬ್ಬ್ಯದಂತ. ಮೇಡಮ್ಮಾರ ಔಷಧಿಲೆ ಶ್ವೇತಾ ಹಡದ್ಳು, ಡಾಕ್ಟರರು ಗಡಿಬಿಡಿ ಮಾಡಿ ಸುಮ್ಮನ ಕೊಯ್ದ್ರು, ಇಲ್ಲಂದ್ರ ತಾನಽ ಹುಟ್ಟತಿತ್ತು ಅಂತ. ಬಾಳಮ್ಮ ಅನ್ನೂ ಹುಡಿಗಿ, ಅಕೀಗೆ ದಸರಾದ ಸುಮಾರಿಗೆ ದಿನಾ ತುಂಬ್ತಾವ, ಬೇರು ಕಿತ್ತು ಒಣಗಿಸಿ ಇಟ್ಕೊಂಡಾಳಂತ.

"ನಾ ಹೇಳಿದ್ರ ಕೇಳವಲ್ರು. ನಿನ್ನ ಸೊಸೀದಾತು, ನಮಗ ಬ್ಯಾಡ ಅಂತೀಯೇನು ಅಂತಾರ. ನೀವಽ ಬರ್ರಿ."

ಸಪ್ಟೆಂಬರ್ ೨೧, ಭಾನುವಾರ

ಅಮಾಸಿ, ಸೆಂಟ್ರಿಂಗ್ ಕೆಲಸಾ ಬಂದ್. ಶೆಡ್ಡಿನ ಮುಂದ ತಾಡಪತ್ರಿ ಹಾಸಿ ಹೆಂಗಸರೆಲ್ಲಾ ಕೂತಿದ್ರು. ನಾಕು ಮಂದಿ ಬಸರಿ. ಶ್ವೇತಾ ಬಾಗಲದಾಗ ಕೂಸಿನ್ನ ತೊಡೀಮ್ಯಾಲೆ ಹಾಕ್ಕೊಂಡು ಕೂತಿದ್ಳು. ನನ್ನ ಮಗಳ ಕುಂಚಗಿ ಅದಕ್ಕ ಭಾಳ ದೊಡ್ಡದಾಗ್ಯದ.

ನಾ ತಯಾರಾಗಿ ಹೋಗಿದ್ದೆ. ಕ್ಲಾಸಿನಾಗ ಹೇಳಿದ್ಹಂಗ ಒಂದೊಂದಽ ಹೇಳಿದೆ. ಗರ್ಭಚೀಲಾ ಹ್ಯಾಂಗ ಹಿಂಡ್ತದ, ಹ್ಯಾಂಗ ಬಿಡಬೇಕು, ಬಿಡದಿದ್ರ ಕೂಸಿಗೆ ಉಸಿರು ಹ್ಯಾಂಗ ಹೋಗೂದಿಲ್ಲ. ಉತ್ತರಾಣಿ ಕುಡದ್ರ ಅದು ಬಿಡೂದಿಲ್ಲ. ಬೆಸ್ಟ್ ಹೇಳಿದೆ ಅನ್ಕೊಂಡೆ. ಎಲ್ಲಾರೂ ತಲಿ ಅಲಗಾಡಿಸಿದ್ರು.

ಬಾಳಮ್ಮ ಅಂದ್ಳು, "ಅಂದ್ರ ಕೆಲಸಾ ಮಾಡ್ತೈತಿ ಅಂದಂಗಾತಲ್ರಿ. ಹುಲಿಗೆಮ್ಮತ್ತಿ ಭಾಳ ಹಾಕ್ಯಾಳ. ನಾ ಒಂದೀಟ ಹಾಕ್ಕೋತೀನಿ."

"ಹೌದಽಳ," ಅಂದ್ರು ಇನ್ನಿಬ್ಬರು. "ಅರ್ಧಾ ಲೋಟಾ ಸಾಕು."

ಖರೇ ಹೇಳಿದಷ್ಟೂ ಅವರು ಹತ್ರ ಹತ್ರ ಬರ್ಲಿಕ್ಕತ್ತಾರ. ಅರ್ಧಾ ಲೋಟಾದಾಗ ಎಷ್ಟದ ಅಂತ ನನಗಽ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಬಾಳಮ್ಮ ಹೊಟ್ಟಿ ಸವರಿಕೋತ ನನ್ನ ಮುಖಾ ನೋಡ್ಲಿಕ್ಕತ್ತಿದ್ಳು, ಒಂದು ಹ್ಞೂಂ ಅಂದ್ರ ಸಾಕು ಅನ್ನೂಹಂಗ. ಇಪ್ಪತ್ತೂ ತುಂಬಿರಲಿಕ್ಕಿಲ್ಲ ಅಕೀಗೆ.

"ಇಲ್ಲ," ಅಂದೆ. "ಕೆಲಸಾನಽ ಮಾಡೂದಿಲ್ಲ ಅದು. ಇಷ್ಟು ವರ್ಷಾ ನೋಡಿದೆ, ಏನೂ ಇಲ್ಲ ಅದರಾಗ. ಬರೇ ವಿಷಾ ಅದ, ಹೊಟ್ಟಿ ಕೆಡಸ್ತದ. ಅದಕ್ಕಽ ಶ್ವೇತಾಗ ಹಂಗಾತು."

"ಹೌದೇನ್ರಿ?" ಬಾಳಮ್ಮ ನಂಬಲಿಲ್ಲ. "ಮತ್ತ ಹುಲಿಗೆಮ್ಮತ್ತಿ ತನ್ನ ಕಣ್ಣಾರೆ ನೋಡೇನಿ ಅಂದಿದ್ಳು. ನಮ್ಮವ್ವನ ಬೇರು ಹಾಕಿದ ಕೂಡ್ಲೆ ಮುಳ್ಳು ಏರಿತು ಅಂತ ಇಡೀ ಶೆಡ್ಡಿಗೆಲ್ಲಾ ಹೇಳ್ಯಾಳಲ್ರಿ."

ಎಲ್ಲಾರೂ ಹುಲಿಗೆಮ್ಮನ ಕಡೆ ತಿರುಗಿದ್ರು. ನಾನೂ ತಿರುಗಿದೆ. ಹಿಂಗ ಸುಳ್ಳು ಹೇಳ್ತೇನಂತ ಅಕೀಗೆ ನಾ ಮೊದ್ಲ ಹೇಳಿರಲಿಲ್ಲ, ನನಗಽ ಗೊತ್ತಿರಲಿಲ್ಲ. ಮುಗೀತು ಅನ್ಕೊಂಡೆ.

ಹುಲಿಗೆಮ್ಮ ಸೊಸೀ ಕಡೆ ನೋಡಿದ್ಳು, ಬಾಳಮ್ಮನ ಹೊಟ್ಟಿ ನೋಡಿದ್ಳು. ಆಮ್ಯಾಲೆ ಸೆರಗು ಝಾಡಿಸಿ ಎದ್ದು ನಿಂತಳು.

"ಸುಳ್ಳ ಹೇಳಿದ್ನೆ. ಎಲ್ಲಿ ಏರತೈತಿ? ನನ್ನ ಮುಂದಽ ಹಾಕಿದ್ರು, ಅಲಗಾಡಲಿಲ್ಲ. ನಮ್ಮವ್ವನ ಹೆಸರು ದೊಡ್ಡದಾಗ್ಲಿ ಅಂತ ಹಂಗ ಹೇಳಿದೆ. ನಮ್ಮವ್ವಗ ಏನೂ ಬರತಿದ್ದಿಲ್ಲ. ಇಲಿಗೇ ಹತ್ತಲಿಲ್ಲ, ನಿಮಗೇನ ಹತ್ತತೈತಿ? ಕಿತ್ತು ಒಗೀರಿ ಅದನ್ನ. ಬ್ಯಾನಿ ಬಂದ್ರ ಆಸ್ಪತ್ರಿ ದಾರಿ ಹಿಡೀರಿ."

ಒಬ್ಬಾಕಿ ನಕ್ಕಳು. ಇನ್ನೊಬ್ಬಾಕಿ, "ಸೂಲಗಿತ್ತಿ ಮಗಳಂತ, ಬಡಿವಾರ ನೋಡ್ರೆವಾ," ಅಂದ್ಳು. ಹುಲಿಗೆಮ್ಮ ಬಗ್ಗಿ ಕೂಸಿನ ಕುಂಚಗಿ ಸರಿ ಮಾಡಿದ್ಳು. ಬಾಳಮ್ಮ ಒಳಗ ಹೋಗಿ ಒಂದು ಕಾಗದದ ಪೊಟ್ಟಣಾ ತಂದು ಗಟಾರಕ್ಕ ಒಗದ್ಳು. ಆಸ್ಪತ್ರಿಗೆ ತೋರಿಸಲಿಕ್ಕೆ ಬುಧವಾರ ನನ್ನ ಸ್ಕೂಟರ್ ಮ್ಯಾಲೆ ಬರ್ತೀನಿ ಅಂದಾಳ.

ಹುಲಿಗೆಮ್ಮ ಸ್ಕೂಟರಿನ ತನಕಾ ಕಳಸಲಿಕ್ಕೆ ಬಂದ್ಳು.

"ನಮ್ಮವ್ವನ್ನ ಸುಳ್ಳಿ ಮಾಡಿದೆ ನೋಡ್ರಿ ಇವತ್ತ," ಅಂದ್ಳು. ಅಕೀ ಕೈ ಹಿಡಕೊಂಡೆ.

"ಆ ನಿಮ್ಮ ಬುಕ್ಕಿನ್ಯಾಗ ಏನಂತ ಬರದೀರಿ?"

"ಇದ್ದದ್ದು ಇದ್ದಂಗ ಬರದೇನಿ. ಕೆಲಸಾ ಮಾಡ್ತದ ಅಂತ."

"ಅದನ್ನ ನಮ್ಮ ಶೆಡ್ಡಿನಾಗ ಯಾರೂ ಓದೂದಿಲ್ಲಲ್ಲರಿ?"

"ಇಲ್ಲ."

"ಹಂಗಾರ ಇರ್ಲಿ ಬಿಡ್ರಿ," ಅಂದು, ಬಾಣಂತಿಗೆ ನೀರು ಕಾಸೂದೈತಿ ಅಂತ ಒಳಗ ಹೋದ್ಳು.